ನೀವು ಹೊಡೆದುಹಾಕಿದ ಸಾಲು, ಶಂಕ್ರೆವ್ವನ ಎಡಗಣ್ಣು

ಆರೋಗ್ಯ ಪ್ರಚಾರದ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ಕಳ್ಳಕವಟಗಿಯ ಶಂಕ್ರೆವ್ವ ಎಂಬ ಹೆಣ್ಣುಮಗಳ ಎಡಗಣ್ಣು ಹೋಗಿದೆ. ಹೋದದ್ದು ನಿಮ್ಮ ಗೋಡೆಬರಹವನ್ನು ನಂಬಿದ್ದಕ್ಕೆ. ಬರೆದವನು ನಾನು, ಬರೆಸಿದವರು ನೀವು. ಈಗ ನಿಮ್ಮ ಕಚೇರಿಯಿಂದ ನನಗೆ ನೋಟೀಸು ಬಂದಿದೆ: 'ಪೇಂಟರನ ನಿರ್ಲಕ್ಷ್ಯದಿಂದ ಒಂದು ಸಾಲು ಬಿಟ್ಟುಹೋಗಿದ್ದು, ಈ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು.' ಸಮಜಾಯಿಷಿ ಇದೇ. ನಿಮ್ಮ ಫೈಲಿನಲ್ಲಿ ಮಲಗದಿರಲೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ವಿಜಾಪುರದ ಜೋರಾಪುರ ಪೇಟೆಯಲ್ಲಿ ಬೋರ್ಡು ಬರೆಯುವವನು. ಈ ವರ್ಷ, ೧೯೭೮ರ ಫೆಬ್ರುವರಿಯಲ್ಲಿ, ನಮ್ಮ ಕಡೆ ಕಣ್ಣುಬೇನೆ ಹಬ್ಬಿದ್ದು ನಿಮಗೂ ನೆನಪಿರಬೇಕು. 'ಕಣ್ಣು ಬಂದಾವ' ಅನ್ನದ ಮನೆಯಿರಲಿಲ್ಲ. ಜನ ಗಾಬರಿಯಾಗಿ ದವಾಖಾನೆಗೆ ಮುಗಿಬಿದ್ದಾಗ ನೀವು ನನ್ನನ್ನು ಕರೆಸಿ, ಟೈಪು ಮಾಡಿದ ಹಾಳೆಯೊಂದನ್ನು ಕೊಟ್ಟಿರಿ. ಅದರಲ್ಲಿ ಮೂರು ಸಾಲಿದ್ದವು. 'ಕಣ್ಣು ಕೆಂಪಾದರೆ ಹೆದರಬೇಡಿ. ಶುಚಿಯಾಗಿಡಿ, ವಾರದಲ್ಲಿ ತಾನೇ ವಾಸಿಯಾಗುತ್ತದೆ. ಪೆಟ್ಟು ಬಿದ್ದಿದ್ದರೆ, ನೋವು ಹೆಚ್ಚಿದರೆ, ದೃಷ್ಟಿ ಮಂಜಾದರೆ ಅಂದೇ ದವಾಖಾನೆಗೆ ಹೋಗಿ.' ಯಾರೋ ತಿಳಿದ ಡಾಕ್ಟರು ಬರೆದಿದ್ದರು. ನೀವು ಕೆಂಪು ಪೆನ್ಸಿಲು ತೆಗೆದು ಮೂರನೆಯ ಸಾಲಿನ ಮೇಲೆ ಗೀಟೆಳೆದಿರಿ.

"ಇದ್ಯಾಕ ಬ್ಯಾಡ್ರಿ ಸಾಹೇಬ್ರ?" ಎಂದೆ.

"ಅಕ್ಷರ ದೊಡ್ಡವು ಆಗಬೇಕೋ. ಮ್ಯಾಲಿನವರು ಜೀಪಿನ್ಯಾಗ ಬರ್ತಾರ, ಕುಂತಲ್ಲೇ ಕಾಣಬೇಕು. ಇಷ್ಟುದ್ದ ಬರದರ ಯಾರು ಓದ್ತಾರ?"

ಓದಬೇಕಾದವರು ಜೀಪಿನಲ್ಲಿ ಕುಳಿತವರೋ, ಹೊಲದಲ್ಲಿ ಬಗ್ಗಿದವರೋ ಎಂದು ಕೇಳಬೇಕಿತ್ತು. ಕೇಳಲಿಲ್ಲ. ತಿಕೋಟಾದಲ್ಲಿ, ಬಬಲೇಶ್ವರದಲ್ಲಿ, ಕಳ್ಳಕವಟಗಿಯ ಚಾವಡಿಯ ಮೇಲೆ, ಎರಡೇ ಸಾಲು ಬರೆದೆ. ಚಂದ ಬರೆದೆ. ಕಳ್ಳಕವಟಗಿಯಲ್ಲಿ ನೀರು ತಂದುಕೊಟ್ಟ ಹೆಣ್ಣುಮಗಳು ಕೇಳಿದಳು, "ಏನಂತ ಬರದೀರಿ ಅಣ್ಣಾ? ನನಗ ಓದಾಕ ಬರೂದಿಲ್ಲ." ಓದಿ ಹೇಳಿದೆ. ಅವಳೇ ಶಂಕ್ರೆವ್ವ.

ಮೂರು ವಾರದ ಮೇಲೆ ಅದೇ ಊರಿನ ಹಿಟ್ಟಿನ ಗಿರಣಿಯ ಬೋರ್ಡು ಬರೆಯಲು ಹೋದೆ. ಶಂಕ್ರೆವ್ವ ಸೆರಗಿನಿಂದ ಎಡಗಣ್ಣು ಮುಚ್ಚಿಕೊಂಡು, ಬಿಸಿಲಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಿದ್ದಳು.

"ಏನಾತ ತಂಗೀ?"

"ಜ್ವಾಳಾ ಕೀಳಾಕತ್ತಿದ್ದೆ, ಒಣಗಿದ ಎಲಿ ಕಣ್ಣಾಗ ಬಡೀತರಿ. ರಾತ್ರಿ ಹಗಲಿ ಚಳಕ ಹೊಡೀತೈತಿ."

"ದವಾಖಾನಿಗೆ ಹೋಗಲಿಲ್ಲ?"

"ನಮ್ಮ ಮನಿಯವರು ಕರಕೊಂಡು ಹೊಂಟಿದ್ರು. ನಾನೇ ಬ್ಯಾಡಂದೆ. ವಾರದಾಗ ತಾನೇ ಆರಾಮ ಆಗತೈತಿ ಅಂತ ನೀವೇ ಓದಿ ಹೇಳಿದ್ರಲ್ಲಾ ಅಣ್ಣಾ. ಇವತ್ತಿಗೆ ಒಂಬತ್ತು ದಿನ ಆತು."

ಸೆರಗು ಸರಿಸಿ ನೋಡಿದೆ. ಕರಿಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಮಚ್ಚೆ ಕೂತಿತ್ತು. ಕುಂಚ ಅಲ್ಲೇ ಬಿಟ್ಟು, ಅವಳ ಗಂಡ ಗುರಲಿಂಗಪ್ಪನನ್ನು ಕೂಗಿ ಕರೆದು, ಮೂವರೂ ಮುಂದಿನ ಬಸ್ಸಿಗೆ ವಿಜಾಪುರಕ್ಕೆ ಬಂದೆವು.

ದವಾಖಾನೆಯ ಡಾಕ್ಟರಮ್ಮ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು. "ಬಂದ ಕಣ್ಣು ಬ್ಯಾರೆ, ಗಾಯದ ಕಣ್ಣು ಬ್ಯಾರೆ," ಎಂದರು. ಕಣ್ಣು ಬಂದಾಗ ಬಹಳ ಮಾಡಿ ಎರಡೂ ಕೆಂಪಾಗುತ್ತವೆ, ಪಿಸುರು ಬರುತ್ತದೆ, ಒರೆಸಿಕೊಂಡರೆ ನೋಟ ಸರಿಯಿರುತ್ತದೆ. ಎಲೆಯೋ ಹೊಟ್ಟೋ ಬಡಿದಾಗ ಒಂದೇ ಕಣ್ಣು ಉರಿಯುತ್ತದೆ, ಬೆಳಕು ಸೈರಿಸದು, ನೋಟ ಮಸುಕಾಗುತ್ತದೆ. ಆಗ ಎಣ್ಣೆ, ಎದೆಹಾಲು, ಅಂಗಡಿಯ ಔಷಧಿ ಯಾವುದನ್ನೂ ಹಾಕದೆ ಅಂದೇ ಬರಬೇಕು. "ಮೊದಲನೇ ದಿನಾನೇ ಬಂದಿದ್ರ ಕಣ್ಣು ಉಳೀತಿತ್ತೋ ಏನೋ. ಇಷ್ಟು ದಿನ ಯಾಕ ಕುಂತ್ರಿ?" ಶಂಕ್ರೆವ್ವ ನನ್ನ ಕಡೆ ತಿರುಗಿದಳು.

ಆ ಬಿಳಿ ಹುಣ್ಣು ಕಣ್ಣನ್ನು ತೂತು ಮಾಡಿತ್ತು. ಎಲೆ ಬಡಿದ ಹದಿನೆಂಟನೆಯ ದಿನ ಕಣ್ಣನ್ನೇ ತೆಗೆದರು. ಆ ಸಂಜೆ ಅವಳ ಮಂಚದ ಪಕ್ಕ ಕೂತು, ಮೂರನೆಯ ಸಾಲೊಂದಿತ್ತೆಂದು ಒಪ್ಪಿಕೊಂಡೆ. ಅವಳು ಅಂದಳು, "ಸರಕಾರದ ಗ್ವಾಡಿ ಅರ್ಧಾ ಹೇಳತೈತಿ ಅಂತ ನನಗ ಹ್ಯಾಂಗ ತಿಳೀಬೇಕ್ರಿ?" ಅಣ್ಣಾ ಅನ್ನಲಿಲ್ಲ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ಸಾಲು ಸೇರಿಸಿ ಬರೆಯಲು ಅಪ್ಪಣೆ ಕೇಳಿದೆ. ನೀವೇನಂದಿರಿ? "ಗ್ವಾಡಿ ಮ್ಯಾಲ ಯಾರ ಹೆಸರೈತಿ? ನಂದೋ, ನಿಂದೋ?" ಹೌದು, ಮೂಲೆಯಲ್ಲಿ ನನ್ನ ಹೆಸರಿದೆ. ಮಾಡಿದ ಕೆಲಸಕ್ಕೆ ಹೆಸರು ಹಾಕುವುದು ನಮ್ಮ ಕಸುಬಿನ ರೂಢಿ. ನಿಮ್ಮ ಕಸುಬಿನಲ್ಲಿ ಹಾಗಿಲ್ಲವೆಂದು ತಿಳಿದಿರಲಿಲ್ಲ. ನಾಲ್ಕು ದಿನಕ್ಕೆ ನೋಟೀಸು ಬಂತು. ನೀವು ವಾಪಸು ಕೇಳಲು ಮರೆತ ಆ ಹಾಳೆ ಮಾತ್ರ ನನ್ನ ಹತ್ತಿರವೇ ಇದೆ, ಕೆಂಪು ಗೀಟಿನ ಸಮೇತ. ಪತ್ರಿಕೆಯ ಸಂಪಾದಕರು ನೋಡಿದ್ದಾರೆ.

ನನ್ನ ತಪ್ಪನ್ನು ನಾನು ಅಲ್ಲಗಳೆಯುವುದಿಲ್ಲ. ನಿಮ್ಮ ಕುರ್ಚಿಯ ಮೇಲೆ ನನಗಿದ್ದ ವಿಶ್ವಾಸವನ್ನು ಒಬ್ಬ ಓದು ಬಾರದ ಹೆಣ್ಣುಮಗಳಿಗೆ ದಾಟಿಸಿದೆ. ನೀವು ನನಗೆ ಮಾಡಿದ ಮೋಸ, ನನ್ನ ಬಾಯಿಂದ ಅವಳಿಗೆ ಆಯಿತು.

ನೋಟೀಸು ಹಿಂತೆಗೆದುಕೊಳ್ಳಿ ಎಂದು ನಾನು ಬೇಡುವುದಿಲ್ಲ. ಶಂಕ್ರೆವ್ವನ ಮನೆಗೆ ಹೋಗಿ, ಯಾಕೆ ಗೀಟೆಳೆದಿರೆಂದು ಅವಳೆದುರು ನೀವೇ ಹೇಳಿ. ಮುಂದಿನ ಸೋಮವಾರದಿಂದ ನಾನು ಊರೂರಿಗೆ ಹೋಗಿ ಆ ಸಾಲು ಬರೆಯುತ್ತೇನೆ. ಅಪ್ಪಣೆ ಕೊಟ್ಟರೆ ಸರಿ. ಕೊಡದಿದ್ದರೆ ಪೊಲೀಸರನ್ನು ಕಳಿಸಿ, ಅವರಿಗೂ ಓದಿ ಹೇಳುತ್ತೇನೆ.

ಇಂತಿ,
ತಮ್ಮ ಆಜ್ಞೆಯನ್ನು ಅಂದವಾಗಿ ಬರೆದದ್ದಕ್ಕೆ ನಾಚುತ್ತಿರುವ
ಬುಡ್ಡೇಸಾಬ, ಪೇಂಟರ್
ಜೋರಾಪುರ ಪೇಟೆ, ವಿಜಾಪುರ