ಹಲ್ಲಿಲ್ಲದ ಸಂದಿಲ

ಮನೆ, ಬುಧವಾರ

ಪ್ರೀತಿಯ ಅಕ್ಕಾ,

ಗಂಟೆ ಎರಡೂವರೆ. ಕಂಪ್ಯೂಟರಿನ ‘ಟಿಣ್’ ನನ್ನನ್ನು ಎಬ್ಬಿಸಿತು, ನಾನು ಅದನ್ನು ಬೈದದ್ದು ಮಗಳನ್ನು ಎಬ್ಬಿಸಿತು. ನೀನು ಹೇಗಿದ್ದೀ? ರಾತ್ರಿ ಪಾಳಿಯಲ್ಲಿ ಆಸ್ಪತ್ರೆಯ ವಾರ್ಡು ತುಂಬ ಓಡಾಡಿ ಕಾಲು ಊದಿಸಿಕೊಳ್ಳಬೇಡ, ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ಒಯ್ಯಬೇಡ. ಡ್ಯೂಟಿಯಲ್ಲಿ ನೀನು ಫೋನ್ ಎತ್ತುವುದಿಲ್ಲವೆಂದು ಬರೆದು ಮೊಬೈಲಿಗೆ ಕಳಿಸುತ್ತಿದ್ದೇನೆ. ಚಹಾದ ಹೊತ್ತಿನಲ್ಲಿ ಓದು.

ನನ್ನ ಪ್ರದರ್ಶನದ ಕಥೆ ಗೊತ್ತಲ್ಲ: ಕತ್ತಲ ಕೋಣೆ, ನಡುವೆ ಖಾಲಿ ತೊಟ್ಟಿಲು, ಬಂದವರು ತೂಗಿದರೆ ಜೋಗುಳ. ಚಿಕ್ಕಂದಿನಲ್ಲಿ ನೀನೇ ಕಟ್ಟಿ ನನ್ನನ್ನು ಮಲಗಿಸುತ್ತಿದ್ದ ಹಾಡು. ಅದನ್ನು ನಾನೂ ಈ ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯೂ ಸೇರಿ ಬೆಳೆಸಬೇಕು, ನಾನೊಂದು ಸಾಲು, ಅದೊಂದು ಸಾಲು. ಗ್ಯಾಲರಿಯವರು ಅದನ್ನು "ಸಹಕಲಾವಿದ" ಎಂದು ಅಚ್ಚು ಹಾಕಿಸಿಯೂ ಆಯಿತು. ಸಹಕಲಾವಿದನಂತೆ! ಸಹನೆಯೆಲ್ಲ ನನ್ನದು.

ಮುಂದಿನ ಎರಡು ಹಲ್ಲು ಬಿದ್ದಿದ್ದಾಗ ನೀನು ಚಂದಿರನನ್ನು "ಸಂದಿಲ" ಎನ್ನುತ್ತಿದ್ದೆಯಲ್ಲ, ಹಾಡಿನ ಜೀವವೇ ಅದು. ನಾನು ಸಂದಿಲ ಎಂದು ಬರೆದರೆ ಅದು ಚಂದಿರ ಎಂದು ತಿದ್ದುತ್ತದೆ. ಬೇಡ ಮಾರಾಯಾ, ಹಾಗೇ ಇರಲಿ ಎಂದರೆ, "ಖಂಡಿತ! ಕಾಗುಣಿತ ಸರಿಪಡಿಸಿದ್ದೇನೆ" ಎನ್ನುತ್ತದೆ. ಜಗಳವಾಡಿ ಸಂದಿಲನನ್ನು ಉಳಿಸಿಕೊಂಡರೆ, ಸುತ್ತಲಿನ ಸಾಲುಗಳಿಗೆಲ್ಲ ಪ್ರಾಸ ತೊಡಿಸಿ ಸಿಂಗರಿಸಿ ಕೊಡುತ್ತದೆ. ಒಂದೊಂದೂ ಚೆಂದವೇ, ಹೊಟ್ಟೆ ಉರಿಸುವುದೂ ಅದೇ. ಕೆಟ್ಟದಾಗಿದ್ದರೆ ಕಸಕ್ಕೆ ಹಾಕಿ ಮಲಗಬಹುದಿತ್ತು. ಇವರಿಗೆ ಕೇಳಿಸಿದರೆ ಹೊದಿಕೆ ಎಳೆದುಕೊಂಡು, "ಚೆನ್ನಾಗೇ ಇದ್ಯಲ್ಲೇ, ಕೊಟ್ಟು ಕೈ ತೊಳ್ಕೋ" ಅಂದರು. ಮಗಳಿಗೆ ಕೇಳಿಸಿದರೆ ಟಿವಿ ನೋಡುವ ಹಾಗೆ ಕಣ್ಣರಳಿಸಿ ಕೇಳುತ್ತಾಳೆ, ನಿದ್ದೆ ಮಾತ್ರ ಇಲ್ಲ. ಮಲಗಿಸದ ಜೋಗುಳವನ್ನು ಏನೆಂದು ಕರೆಯುವುದು, ನೀನೇ ಹೇಳು.

ದೊಡ್ಡಮ್ಮನಿಗೆ ಮಗಳ ಮುತ್ತು, ಜೊಲ್ಲಿನ ಸಮೇತ.

ನಿನ್ನ ತೊಡೆಯ ಮೇಲೆ ಬೆಳೆದು ಇನ್ನೂ ನಿನಗೇ ಕಾಟ ಕೊಡುವ,
ತಂಗಿ

ಅಕ್ಕಾ, ಇನ್ನೂ ಒಂದು. ಈಗಷ್ಟೇ ಕಂಪ್ಯೂಟರ್ ಮುಚ್ಚಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ನಾನೇ ಹಾಡಲು ಹೋದೆ. ಸಂದಿಲ ಬಂದ, ಗುಬ್ಬಿ ಮಲಗಿತು, ಆಮೇಲೆ? ಕೊನೆಯ ಸಾಲಿಗೆ ಬಾಯಿ ತೆರೆದರೆ ಬರುವುದೆಲ್ಲ ಅದು ಕಟ್ಟಿದವೇ. ಯಾವುದು ನಿನ್ನದೆಂದು ನನಗೇ ತಿಳಿಯುತ್ತಿಲ್ಲ. ಬೆಳಗ್ಗೆ ಗ್ಯಾಲರಿಯವರು ಬಂದು ಹಾಡು ಒಯ್ದುಬಿಡುತ್ತಾರೆ. ದಮ್ಮಯ್ಯ, ಅಷ್ಟರೊಳಗೆ ಫೋನ್ ಮಾಡು. ವಾರ್ಡಿನಲ್ಲಿ ನಾಚಿಕೆಯಾದರೆ ಮೆಟ್ಟಿಲ ಕೆಳಗೆ ನಿಂತು ಹಾಡು. ಹಲ್ಲಿಲ್ಲದವಳ ಹಾಗೇ ಹಾಡು.