ಚೀಟಿ ಇಲ್ಲದ ಹನ್ನೆರಡು ಕ್ಯಾಸೆಟ್ಟು

ಅಣ್ಣಿಗೇರಿ,
೧೩ ಜನೆವರಿ ೨೦೨೫, ಸೋಮವಾರ

ದೋಸ್ತ ಅಬ್ದುಲಮಜೀದನಿಗೆ, ನಿವೃತ್ತ ಇತಿಹಾಸ ಮಾಸ್ತರ ಗೌರೀಶನ ತಲೆ ತಗ್ಗಿಸಿದ ನಮಸ್ಕಾರ.

ತಲೆ ಏಕೆ ತಗ್ಗಿದೆ ಎಂಬುದು ಮುಂದೆ ಬರುತ್ತದೆ. ಮೊದಲು ಕ್ಷೇಮ ಸಮಾಚಾರ. ನಾನು ಕ್ಷೇಮ. ಹೆಂಡತಿ ರೋಹಿಣಿಯೂ ಕ್ಷೇಮ, ಮೂರು ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿರುವುದರಿಂದ ಮನೆಯಲ್ಲಿ ನಿನಗೆ ಇಷ್ಟವಾಗುವಂಥ ಮೌನವಿದೆ. ನಿನ್ನ ಎರಡು ಟ್ರಂಕುಗಳೂ ಕ್ಷೇಮ. ಟ್ರಂಕುಗಳು ಎಂದಿದ್ದೇನೆ, ಗಮನಿಸು. ಒಳಗಿನದರ ಬಗ್ಗೆ ಇನ್ನೂ ಏನೂ ಹೇಳಿಲ್ಲ.

ನಾಳೆ ಸಂಕ್ರಮಣ. ಕುಸುರೆಳ್ಳು ಕೊಟ್ಟು ಸಿಹಿ ಮಾತಾಡಬೇಕಾದ ದಿನ. ಆದ್ದರಿಂದ ಕಹಿ ಇರುವುದನ್ನೆಲ್ಲ ಇವತ್ತೇ ಮುಗಿಸಿ, ಐದು ಗಂಟೆಯ ಟಪಾಲಿಗೆ ಹಾಕುವುದು ಎಂದು ಕೂತಿದ್ದೇನೆ.

ನಿನ್ನ ಪತ್ರ ಗುರುವಾರ ಸಿಕ್ಕಿತು. ಬರುವ ಭಾನುವಾರ ಪುಣೆಯ ಆ ಹುಡುಗಿ ಗಂಗಾಳನ್ನು ಕರೆದುಕೊಂಡು ಬರುತ್ತಿದ್ದೀ. ಯಂತ್ರ, ಗಾಳಿ, ಬಾಗಿಲು, ಕಂಡದ್ದರ ಸದ್ದನ್ನೆಲ್ಲ ಹಿಡಿದು ಹೊಸ ಸಂಗೀತ ಕಟ್ಟುವವಳು. ನಮ್ಮ ಮನೆಯಲ್ಲಿಟ್ಟ ನಿನ್ನ ನೂರಾ ಅರವತ್ತಮೂರು ಕ್ಯಾಸೆಟ್ಟುಗಳನ್ನು ಒಯ್ದು ಕಂಪ್ಯೂಟರಿಗೆ ಇಳಿಸುತ್ತಾಳೆ. ಸಂತೋಷ. ಆದರೆ ಅವಳಿಗೆ ಮೊದಲು ಬೇಕಾದದ್ದು ಹಾಲೆಂಡು, ಪೋಲೆಂಡು, ಜಪಾನಿನವರ ಸಂಗೀತವಲ್ಲವಂತೆ, ಚೀಟಿ ಇಲ್ಲದ ಹನ್ನೆರಡಂತೆ. ಆಮೇಲಿನ ನಿನ್ನ ಸಾಲುಗಳನ್ನು ನಾಲ್ಕು ದಿನದಿಂದ ಓದಿ ಓದಿ ನನಗೆ ಬಾಯಿಪಾಠವಾಗಿದೆ. ನಿನಗೇ ತಿರುಗಿ ಒಪ್ಪಿಸುತ್ತೇನೆ:

“ಆ ಚೀಟಿ ಇಲ್ಲದ ಹನ್ನೆರಡು ನನ್ನವು. ಮೀಟರ್‌ಗೇಜ್ ಹಳಿ ಕೀಳೂ ಮುಂಚೆ ಅಳ್ನಾವರ ರೈಲ್ವೆ ಯಾರ್ಡಿನಾಗಿನ ಸದ್ದು ನಾನ ತುಂಬಿದ್ದು. ನನ್ನದನ್ನ ನಾನ ಹೆಂಗ ಶಿಫಾರಸು ಮಾಡ್ಲಿ, ಅದಕ್ಕ ಚೀಟಿ ಇಟ್ಟಿರಲಿಲ್ಲ. ಹನ್ನೆರಡು ವರ್ಷ ಅವುಗಳ ಬಗ್ಗೆ ನೀ ಒಂದು ಅಕ್ಷರ ಬರೀಲಿಲ್ಲ. ನಿನಗ ಹಿಡಿಸಿಲ್ಲ, ದೋಸ್ತಿ ಸಲುವಾಗಿ ಸುಮ್ಮನದೀ ಅಂತ ತಿಳಕೊಂಡೆ. ನಾನೂ ಕೇಳಲಿಲ್ಲ.”

ಮಜೀದ, ಆ ಹನ್ನೆರಡು ಟ್ರಂಕಿನಲ್ಲಿ ಇಲ್ಲ. ಶಲವಡಿಯ ನಮ್ಮ ಹೊಲದಲ್ಲಿ ಇವೆ. ಜೋಳದ ತೆನೆಗಳ ಮೇಲೆ.

ಗಾಬರಿಯಾಗಬೇಡ. ಅಥವಾ ಆಗು, ಅದು ನಿನ್ನ ಹಕ್ಕು.

ಈ ಪತ್ರದ ಮೊದಲ ಕರಡಿನಲ್ಲಿ ನಾನು ಬರೆದದ್ದು ಹೀಗಿತ್ತು: ನಾನು ಊರಲ್ಲಿ ಇರಲಿಲ್ಲ, ಹೊಲವನ್ನು ಪಾಲಿಗೆ ಮಾಡುವ ಫಕೀರವ್ವ ಬಂದು ಕೇಳಿದಳು, ರೋಹಿಣಿ ತಿಳಿಯದೆ ಕೊಟ್ಟುಬಿಟ್ಟಳು. ಓದಲು ಬಹಳ ಸೊಗಸಾಗಿತ್ತು. ದುರ್ದೈವದಿಂದ ರೋಹಿಣಿಯೂ ಓದಿದಳು. “ಹೌದ್ರಿ, ಎಲ್ಲಾ ನಾನ ಮಾಡೇನಿ. ರಾವಣ ಸೀತಾನ್ನ ಒಯ್ಯೂವಾಗ ಅವನ ಹಿಂದ ಗಂಟು ಹೊತ್ಕೊಂಡು ಹೋದಾಕಿನೂ ನಾನ” ಎಂದು ಕರಡನ್ನು ನಾಲ್ಕು ಚೂರು ಮಾಡಿ ನನ್ನ ಕೈಗೇ ಕೊಟ್ಟಳು. ಮನೆಯ ಮೌನ ಅಂದಿನಿಂದ ಆರಂಭ.

ಎರಡನೆಯ ಕರಡು ಇದು. ನಾನು ಊರಲ್ಲೇ ಇದ್ದೆ. ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಇದ್ದೆ. ಡಿಸೆಂಬರಿನ ಮೂರನೇ ವಾರ, ಜೋಳದ ಕಾಳಿಗೆ ಹಾಲು ತುಂಬಿತ್ತು. ಫಕೀರವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮಾಸ್ತರ್ರ, ಗುಬ್ಬಿ ತೆನಿಗೆ ಬಿದ್ದಾವ್ರಿ. ಕವಣಿ ಬೀಸಿ ಬೀಸಿ ನನ್ನ ರಟ್ಟಿ ಬಿದ್ದು ಹ್ವಾದ್ವು. ಹಳೀ ಟೇಪ್ ಇದ್ರ ಕೊಡ್ರಿ. ಗೂಟದಿಂದ ಗೂಟಕ್ಕ ಜಗ್ಗಿ ಕಟ್ಟತೇನಿ. ಗಾಳಿ ಬಡದ್ರ ಗುಂಯ್ ಅಂತೈತಿ, ಹಕ್ಕಿ ಅಂಜತಾವು.”

ನಮ್ಮ ಕಡೆ ಎಷ್ಟೋ ಭಜನೆ, ಎಷ್ಟೋ ಸಿನೆಮಾ ಹಾಡು ಹೀಗೆಯೇ ಹೊಲದಲ್ಲಿ ಸೇವಾವಧಿ ಮುಗಿಸಿವೆ, ನೀನೂ ಬಲ್ಲೆ. “ತಡಿಬೇ, ನೋಡ್ತೇನಿ” ಎಂದು ಎದ್ದೆ. ಟ್ರಂಕು ತೆಗೆದೆ. ಅದಕ್ಕೆ ಕೈ ಹಾಕಬಾರದೆಂಬ ವಿಚಾರ ಬರಲಿಲ್ಲವೇ ಎಂದರೆ ಬಂತು, ಆದರೆ ಅದರ ಹಿಂದೆಯೇ ಒಂದು ಉಪಾಯವೂ ಬಂತು. ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು. ದಾಖಲೆ ಇದ್ದದ್ದು ಇದೆ, ದಾಖಲೆ ಇಲ್ಲದ್ದು ಇಲ್ಲ. ನಿನ್ನ ಕೈಬರಹದ ಚೀಟಿ ಇದ್ದ ನೂರಾ ಐವತ್ತೊಂದನ್ನು ಭಕ್ತಿಯಿಂದ ಬಾಜೂಕ್ಕೆ ಇಟ್ಟೆ. ಉಳಿದವು ಹನ್ನೆರಡು. ಹೆಸರಿಲ್ಲ, ಚೀಟಿಯಿಲ್ಲ, ಬೆನ್ನ ಮೇಲೆ ಒಂದರಿಂದ ಹನ್ನೆರಡರವರೆಗೆ ಅಂಕಿ ಮಾತ್ರ. ಖಾಲಿ ಎಂದು ತೀರ್ಪು ಕೊಟ್ಟೆ. ನಿನ್ನ ಸಂಗ್ರಹವನ್ನು ಎಷ್ಟು ಜೋಪಾನ ಮಾಡಿದೆನಲ್ಲ ಎಂದು ಅವತ್ತು ಊಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಎಳ್ಳಮಾಸಿಗೆ ಹೊಲಕ್ಕೆ ಎಡೆ ಒಯ್ದು ಚರಗ ಚೆಲ್ಲಲು ಹೋದಾಗ ಟೇಪುಗಳು ಬಿಸಿಲಿಗೆ ಮಿಂಚುತ್ತಿದ್ದವು. ನಿಂತು ನೋಡಿ ಖುಷಿಪಟ್ಟೆ. ಇದನ್ನು ಬರೆಯದೆ ಬಿಡಬಹುದಿತ್ತು.

ಒಂದನ್ನಾದರೂ ಹಾಕಿ ಕೇಳಿ ನೋಡಬೇಕಿತ್ತಲ್ಲಲೇ, ಅನ್ನುತ್ತೀ. ಇಲ್ಲಿ ಪೆನ್ನು ಕೆಳಗಿಟ್ಟೆ. ಎದ್ದು ನೀರು ಕುಡಿದು ಬಂದೆ.

ಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ, ಮಜೀದ. ನನ್ನ ಟೇಪ್‌ರೆಕಾರ್ಡರು ಕೆಟ್ಟು ಹನ್ನೊಂದು ವರ್ಷವಾಯಿತು.

ಲೆಕ್ಕ ಹಾಕಬೇಡ, ನಾನೇ ಹಾಕಿದ್ದೇನೆ. ನೀನು ನಿವೃತ್ತನಾಗಿ, ಸಿಗ್ನಲ್ ಕ್ಯಾಬಿನ್ನಿನ ಲಿವರು ಬಿಟ್ಟು, ರೈಲ್ವೆ ಕ್ವಾರ್ಟರ್ಸು ಖಾಲಿ ಮಾಡಿದಾಗ ಈ ಟ್ರಂಕುಗಳನ್ನು ಪ್ಯಾಸೆಂಜರ್ ಗಾಡಿಯಲ್ಲಿ ನೀನೇ ತಂದು ಇಳಿಸಿದೆ. “ಅಳ್ನಾವರದ ಮಳಿಯಾಗ ಟೇಪಿಗೆ ಬೂಷ್ಟು ಹಿಡಿತೈತಿ. ನಿಮ್ಮ ಎರಿ ಮಣ್ಣಿನ ಸೀಮಿ ಒಣಾ ಹವಾ ಛಲೋ. ಹವಾಕ್ಕಿಂತ ನಿನ್ನ ಕಿವಿ ಛಲೋ” ಎಂದೆ. ಪ್ರತಿ ಭಾನುವಾರ ಒಂದು ಕ್ಯಾಸೆಟ್ಟು ಕೇಳುವುದು, ಎರಡು ದಿನ ಸುಮ್ಮನಿದ್ದು ಅಭಿಪ್ರಾಯ ಬರೆಯುವುದು, ಇದು ಒಪ್ಪಂದ. ಫೋನಿನಲ್ಲಿ ಹೇಳಿದರೆ ಅವಸರದ ಅಭಿಪ್ರಾಯವಾಗುತ್ತದೆ ಎಂದು ನೀನೇ ಕಟ್ಟಪ್ಪಣೆ ಮಾಡಿದ್ದೆ. ಮುಂದಿನ ವರ್ಷವೇ ನನ್ನ ಯಂತ್ರ ಕೆಟ್ಟಿತು. ಅಭಿಪ್ರಾಯಗಳು ಕೆಡಲಿಲ್ಲ.

ಅವುಗಳನ್ನು ತಯಾರಿಸುವ ವಿಧಾನ ಹೀಗೆ. ನಿನ್ನ ಚೀಟಿಯಲ್ಲಿ ಇರುತ್ತಿತ್ತು: “ಪಿಯಾನೋದ ತಂತಿಗಳಿಗೆ ಮೊಳೆ, ರಬ್ಬರು ಸಿಕ್ಕಿಸಿ ಬಾರಿಸಿದ್ದು. ಉಂಡ ಕೂಡಲೇ ಕೇಳಬೇಡ. ಫ್ಯಾನು ಬಂದ್ ಮಾಡು. ಅದೂ ಬಾರಿಸುತ್ತದೆ, ಆದರೆ ಅದನ್ನು ಯಾರೂ ಕರೆದಿಲ್ಲ.” ನಾನು ಬರೆಯುತ್ತಿದ್ದೆ: ಮೊಳೆಯ ಕಾಠಿಣ್ಯಕ್ಕೂ ರಬ್ಬರಿನ ಮಾರ್ದವಕ್ಕೂ ನಡುವೆ ಮನುಷ್ಯನ ಬದುಕೇ ಕಂಡಿತು. ಇನ್ನೊಂದು ಚೀಟಿ: “ನಾಲ್ವರು ಪಿಟೀಲಿನವರು ಒಂದೇ ಸ್ವರಕ್ಕೆ ಜಗಳಾಡುತ್ತಾರೆ. ಹದಿನೇಳನೇ ನಿಮಿಷಕ್ಕೆ ರಾಜಿಯಾಗುತ್ತಾರೆ. ಅಲ್ಲಿಯವರೆಗೆ ಎದ್ದು ಹೋಗಬೇಡ.” ನಾನು ಬರೆದೆ: ಆ ರಾಜಿಯಲ್ಲಿ ಸೋತವರು ಯಾರೆಂದು ಎರಡು ದಿನ ಯೋಚಿಸಿದೆ. ಉತ್ತರ ಪತ್ರಿಕೆ ಬಿಚ್ಚದೆ ಅಂಕ ಕೊಡುವ ವಿದ್ಯೆ ನಮ್ಮ ವೃತ್ತಿಯಲ್ಲಿ ಕೆಲವರಿಗೆ ಇತ್ತು. ನನಗೆ ಸೇವೆಯಲ್ಲಿದ್ದಾಗ ಇರಲಿಲ್ಲ, ನಿವೃತ್ತಿಯ ನಂತರ ಒಲಿಯಿತು.

ಯಂತ್ರ ರಿಪೇರಿಗೆ ಕೊಡಬಹುದಿತ್ತು. ಮಾಬುಸಾಬನ ಅಂಗಡಿ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಆದರೆ ರಿಪೇರಿಯಾದರೆ ಕೇಳಬೇಕಾಗುತ್ತಿತ್ತು. ಕೇಳಿದರೆ ನನಗೆ ಏನೂ ತಿಳಿಯುವುದಿಲ್ಲ ಎಂಬುದು ನನಗಾದರೂ ಗೊತ್ತಾಗಿಬಿಡುತ್ತಿತ್ತು. ಇಡೀ ಜಿಲ್ಲೆಯಲ್ಲಿ ನನ್ನ ಕಿವಿ ದೊಡ್ಡದೆಂದು ನಂಬಿದವನು ನೀನೊಬ್ಬ. ಅದನ್ನು ನನ್ನ ಕೈಯಾರೆ ಸಣ್ಣದು ಮಾಡಿಕೊಳ್ಳಲು ಮನಸ್ಸು ಬರಲಿಲ್ಲ.

ಆ ನಂಬಿಕೆ ಹುಟ್ಟಿದ್ದು ಎಲ್ಲಿ ಎಂಬುದು ಇನ್ನೂ ಹೇಳದ ಸಂಗತಿ. ತೊಂಬತ್ತೆರಡರಲ್ಲಿ ನೀನು ಜಪಾನಿನವನೊಬ್ಬನ ಕ್ಯಾಸೆಟ್ಟು ಕಳಿಸಿದ್ದೆ. ಮೊದಲ ಬದಿಯನ್ನು ಐದು ನಿಮಿಷ ಕೇಳಿ ನನಗೆ ಹಲ್ಲು ನೋಯಹತ್ತಿತು. ತಿರುವಿ ಹಾಕುವ ಗೋಜಿಗೆ ಹೋಗದೆ ಎರಡನೆಯ ಬದಿಯ ಬಗ್ಗೆಯೇ ನಾಲ್ಕು ಪುಟ ಬರೆದೆ. ಸಂಯಮ, ಆಳ, ಬಿಡುವು, ಇತ್ಯಾದಿ. ನಿನ್ನ ಉತ್ತರ ಬಂತು: “ಎರಡನೇ ಬದಿ ಖಾಲಿ ಇತ್ತಲೇ. ಆದ್ರ ನೀ ಬರದದ್ದು ಓದಿ ನಾನೂ ಹಾಕಿ ಕೇಳಿದೆ. ಖರೇನ ಐತಿ. ಏನೂ ಇಲ್ಲದ ಕಡೆಯೂ ಕೇಳಾಕ ಏನರ ಇರತೈತಿ ಅನ್ನೂದು ನನಗ ಹೊಳದಿರಲಿಲ್ಲ.” ಹಳಿ ಕಿತ್ತದ್ದರಿಂದ ಲೆಕ್ಕ ಹಿಡಿದರೆ, ಮರುವರ್ಷವೇ ನೀನು ಮೈಕು ಹಿಡಿದು ಯಾರ್ಡಿಗೆ ಇಳಿದೆಯಲ್ಲವೇ? ಅಂದರೆ ಆ ಹನ್ನೆರಡು ಕ್ಯಾಸೆಟ್ಟು ಹುಟ್ಟಿದ್ದು ನಾನು ಕೇಳದೆ ಬರೆದ ನಾಲ್ಕು ಪುಟದಿಂದ, ಹೊಲಕ್ಕೆ ಹೋದದ್ದು ನಾನು ಕೇಳದೆ ಕೊಟ್ಟ ಒಂದು ತೀರ್ಪಿನಿಂದ. ಗುರುವಾರ ನಿನ್ನ ಪತ್ರ ಓದುತ್ತ ಇಷ್ಟು ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ಶುಕ್ರವಾರ ನಸುಕಿಗೇ ಹನ್ನೆರಡು ಪೆನ್ಸಿಲು ತೆಗೆದುಕೊಂಡು ಶಲವಡಿ ಬಸ್ಸು ಹತ್ತಿದೆ, ಸುತ್ತಿ ತರಲು. ಫಕೀರವ್ವ ತೊಗರಿ ಸಾಲಿನ ಬಾಜು ಕೂತು ರೊಟ್ಟಿ ತಿನ್ನುತ್ತಿದ್ದಳು. ಟೇಪು ಬಿಚ್ಚು, ನನ್ನ ದೋಸ್ತನದು, ಅದರೊಳಗೆ ರೈಲಿದೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ರೈಲ? ಇದರಾಗ? ಮೊದಲ ಹೇಳಬಾರದೇನ್ರಿ? ಕೊಡೂ ಮುಂದ ಕೇಳಿದೆನಲ್ಲ, ಮಾಸ್ತರ್ರ, ಇದರಾಗ ಬೇಕಾದ್ದೇನಿಲ್ಲಲ್ಲ ಅಂತ. ‘ಏನೂ ಇಲ್ಲಬೇ, ಖಾಲಿ’ ಅಂದವರು ನೀವ.”

ಆಗಲಿ, ಹಕ್ಕಿಯಾದರೂ ಹೆದರಿದವೋ ಎಂದು ಕೇಳಿದೆ.

“ನಾಕ ದಿನ ಅಂಜಿದ್ವು. ಈಗ ರೂಢಿ ಆಗೇತ್ರಿ. ಅದರ ಬಾಜೂನ ಕುಂತು ತೆನಿ ತಿಂತಾವ.”

ಗುಬ್ಬಿಗಳು ನಾಲ್ಕೇ ದಿನದಲ್ಲಿ ನಿನ್ನ ಸಂಗೀತಕ್ಕೆ ಒಗ್ಗಿಕೊಂಡವು, ಮಜೀದ. ನನಗೆ ಮೂವತ್ತು ವರ್ಷ ಸಾಲಲಿಲ್ಲ.

ಸಂಜೆಯವರೆಗೆ ಇಬ್ಬರೂ ಬಿಚ್ಚಿದೆವು. ಬಿಸಿಲಿಗೆ ಕಂದು ಬಣ್ಣ ಪುಡಿಯಾಗಿ ಕೈಗೆ ಬರುತ್ತಿತ್ತು. ಗೂಟಕ್ಕೆ ಬಿಗಿದ ಕಡೆ ಹರಿದಿತ್ತು. ಬಿಚ್ಚುವ ಮುಂಚೆ ಸ್ವಲ್ಪ ಹೊತ್ತು ಮೂಡಗಾಳಿ ಬೀಸಿ ಹನ್ನೆರಡೂ ಒಟ್ಟಿಗೆ ಗುಂಯ್‌ಗುಟ್ಟಿದವು. ಅದು ಅಪೂರ್ವವಾಗಿತ್ತು, ನೀನು ಕೇಳಿದ್ದರೆ ಹಳೆಯದನ್ನು ಮರೆಯುತ್ತಿದ್ದೆ, ಎಂದು ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಇಂಥ ಅಭಿಪ್ರಾಯಗಳಿಂದಲೇ ಇಷ್ಟೆಲ್ಲ ಆದದ್ದು. ಗುಂಯ್ ಅಂದಿತು, ಅಷ್ಟೇ. ಹನ್ನೊಂದು ಹೋದವು. ಆ ಹಳಿಯೂ ಈಗ ಇಲ್ಲ, ಆ ಎಂಜಿನ್ನೂ ಇಲ್ಲ. ತಿರುಗಿ ತುಂಬುತ್ತೇನೆಂದರೂ ಆಗದು ಎಂಬುದು ಇತಿಹಾಸದ ಮಾಸ್ತರನಿಗೆ ತಿಳಿಯುತ್ತದೆ.

ನೀನು ಎಂಥವನೆಂದು ನನಗೆ ಗೊತ್ತು. ಭಾನುವಾರ ಗಂಗಾಳ ಮುಂದೆ “ಬೂಷ್ಟು ಹಿಡದು ಹಾಳಾದ್ವುವ್ವಾ, ಮಾಸ್ತರಂದೇನೂ ತಪ್ಪಿಲ್ಲ” ಎನ್ನುತ್ತೀ. ಹಾಗೆ ಹೇಳಬೇಡ. ಹೊಲದ ಸಂಗತಿಯನ್ನೂ ಅಭಿಪ್ರಾಯಗಳ ಸಂಗತಿಯನ್ನೂ ಅವಳಿಗೆ ನಾನೇ ಹೇಳುತ್ತೇನೆ. ನೀನು ಬಾ. ಬೈಯಲಿಕ್ಕಾದರೂ ಬಾ. ಬರದೆ ಇದ್ದರೆ ಅದನ್ನೇ ಅಭಿಪ್ರಾಯ ಎಂದು ತಿಳಿದುಕೊಳ್ಳುವ ಸರದಿ ನನ್ನದು.

ನಿನ್ನ ಕಿವಿಗಳ್ಳ ದೋಸ್ತ,
ಗೌರೀಶ

ತಾ.ಕ.: ಹನ್ನೊಂದು ಹೋದವು ಎಂದೆ. ಏಳನೆಯದನ್ನು ಕಟ್ಟುವಾಗ ಫಕೀರವ್ವ ಅರ್ಧ ಮಾತ್ರ ಬಿಚ್ಚಿದ್ದಳು. ಉಳಿದರ್ಧ ಡಬ್ಬಿಯೊಳಗೇ ಬೇವಿನ ಟೊಂಗೆಗೆ ಜೋತುಬಿದ್ದಿತ್ತು. ನಿನ್ನೆ ಅದನ್ನು ಮಾಬುಸಾಬನ ಅಂಗಡಿಗೆ ಒಯ್ದೆ. ರಿಪೇರಿಗೆ ಬಂದ ಮಿಕ್ಸರುಗಳ ನಡುವೆ ಅವನೊಂದು ಹಳೆಯ ಯಂತ್ರ ಹುಡುಕಿ ತೆಗೆದ. ಹದಿನಾಲ್ಕು ನಿಮಿಷ ಉಳಿದಿದೆ. ಮಳೆ ನಿಂತ ಮೇಲಿನ ಹನಿ, ದೂರದಲ್ಲಿ ಶಂಟಿಂಗು, ಲಿವರಿನ ತಂತಿ ಎಳೆದು ಬಿಡುವ ಸದ್ದು. ಗೂಡ್ಸ್ ಹೊರಟು ಹೋಗುತ್ತದೆ. ಆಮೇಲೆ ಯಾರೋ ಮಾತಾಡುತ್ತಾರೆ: “ಏ ಮಜೀದ, ಇದರಾಗೇನ್ ಕೇಳ್ತೀಲೇ? ನಡಿ, ಚಾ ಕುಡಿಯೂಣು.” ಮಾಬುಸಾಬ ಸ್ಕ್ರೂಡ್ರೈವರು ಕೆಳಗಿಟ್ಟು, “ಮಾಸ್ತರ್ರ, ಇದು ನಿಮ್ಮ ದನೀನ ಅಲ್ರಿ?” ಎಂದ. ನಾನು ಅಲ್ಲಿ ಇದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ನೀನು ಟೇಪು ಬಂದ್ ಮಾಡುವುದಿಲ್ಲ. ನನ್ನ ಚಪ್ಪಲಿಯ ಸದ್ದು ಹಳಿಯ ಬದಿಯ ಖಡಿ ಕಲ್ಲಿನ ಮೇಲೆ ದೂರ ದೂರ ಹೋಗಿ ಕೇಳಿಸದಂತಾಗುವವರೆಗೂ ಹಿಡಿದಿದ್ದೀ.

ಕ್ಯಾಸೆಟ್ಟಿನ ಡಬ್ಬಿಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ನಿಜವಾಗಿ ಕೇಳಿ ಬರೆದದ್ದು. ಗಂಗಾಗೆ ಅದನ್ನೂ ಕೊಡು:

“೭. ಅಳ್ನಾವರ ಯಾರ್ಡು. ತುಂಬಿದವನು ಅಬ್ದುಲಮಜೀದ. ನಡುವೆ ಒಬ್ಬ ಎದ್ದು ಹೋಗುತ್ತಾನೆ. ನೀವು ಹೋಗಬೇಡಿ.”