ಬೆಟ್ಟದ ಇಳಿಜಾರಿಗೆ ಕಟ್ಟಿದ ಕೊಂಬೆ

ಯಳಂದೂರು, ೧೯೭೧

ಹೊನ್ನಯ್ಯ,

ಈ ಕಾಗದ ನಿನಗೆ ಮುಟ್ಟುವುದಿಲ್ಲ, ಗೊತ್ತು. ಆದರೂ ಕೇಳು: ನಿನ್ನ ಮಗ ಮಾದಣ್ಣ ಇವತ್ತು ನಮ್ಮ ಸೈಕಲ್ ತಂಡದ ಜೊತೆ ಬಿಳಿಗಿರಿರಂಗನ ಬೆಟ್ಟ ಹತ್ತಿ, ಕ್ಷೇಮವಾಗಿ ಇಳಿದು ಬಂದ ಕಣಯ್ಯ.

ಇಳಿಜಾರಿನಲ್ಲಿ ಬ್ರೇಕೊಂದನ್ನೇ ನಂಬಬಾರದೆಂದು ಎಲ್ಲರ ಸೈಕಲ್ಲಿನ ಹಿಂದೆಯೂ ನಾನೇ, ನೆಲಕ್ಕೆ ಉಜ್ಜಿ ವೇಗ ತಡೆಯುವಂತೆ, ಸೊಪ್ಪಿನ ಕೊಂಬೆ ಕಟ್ಟಿದೆ. ಅವನೊಬ್ಬ ಬಿಚ್ಚಲು ಹೋದ.

“ಬ್ಯಾಡ ಮಾವ, ಬಸ್ನೋರೆಲ್ಲ ನಗ್ತರೆ.”

“ನಗ್ಲಿ ಬುಡ್ಲಾ,” ಎಂದು ಇನ್ನೊಂದು ಗಂಟು ಬಿಗಿದೆ.

ನಿನ್ನ ಪ್ರಾಣ ತೆಗೆದ ತಿರುವನ್ನು ಅವನು ಕೊಂಬೆ ಎಳೆದುಕೊಂಡು, ಧೂಳೆಬ್ಬಿಸುತ್ತಾ, ನಿಧಾನವಾಗಿ ದಾಟಿದ. ಕೆಳಗೆ ಬಂದು ಒಂದು ಚೊಂಬು ನೀರು ಕುಡಿದ ಮೇಲೆ ಅವನು ಕೇಳಿದ:

“ಅಪ್ಪ ಯಾಕ್ ಮಾವ ಕೊಂಬೆ ಕಟ್ಕಂಡಿರ್ನಿಲ್ಲ?”

ಕಟ್ಟಿಕೊಂಡಿದ್ದ, ಯಾರೋ ನಕ್ಕರೆಂದು ಬಿಚ್ಚಿಬಿಟ್ಟ ಎಂದೆ.

ಯಾರು ನಕ್ಕರೆಂದು ಅವನು ಕೇಳಲಿಲ್ಲ; ಅದು ನಿನಗೆ, ನನಗೆ ಮಾತ್ರ ಗೊತ್ತು.